ಬರಲಿ, ಬರಲಿ ಎಂದವನದೇ ತಪ್ಪೇ?

(ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನಿವಾಸಿಗಳ ಸಭೆಯಲ್ಲಿ ನಿವೃತ್ತ ವಿಮಾ ಸರ್ವೇಯರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಬೇಸ್‌ಮೆಂಟಿನಲ್ಲಿ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆಯುವಾಗ ಕೇಳಿಬರುವ ಸದ್ದುಗಳು ನಿಮಗೆ ಗೊತ್ತಿವೆ. ಮೊದಲು ಸೆಕ್ಯೂರಿಟಿಯವರ ದನಿ: “ಬರಲಿ, ಬರಲಿ, ಬರಲಿ...” ಆಮೇಲೆ “ಧಡ್”. ಧಡ್ ಆದ ಮೇಲೆ ಅದೇ ದನಿ, ಏನೂ ಆಗಿಯೇ ಇಲ್ಲವೆಂಬಂತೆ: “ಸಾಕು.”

ನೀವು ನಗುತ್ತಿದ್ದೀರಿ. ಆ “ಸಾಕು” ಎಂಬ ಮಾತಿನ ನಂತರದ ಅರ್ಧ ಗಂಟೆಯಲ್ಲಿ ಯಾರೂ ನಗುವುದಿಲ್ಲ. ಮೂವತ್ತೊಂದು ವರ್ಷ ಜಖಂಗೊಂಡ ವಾಹನಗಳನ್ನು ನೋಡಿ ವರದಿ ಬರೆಯುವುದೇ ನನ್ನ ಕೆಲಸವಾಗಿತ್ತು. ಹೆದ್ದಾರಿಯಲ್ಲಿ ಲಾರಿಯ ಅಡಿಗೆ ನುಗ್ಗಿ ಚಪ್ಪಟೆಯಾದ ಕಾರುಗಳನ್ನು ನೋಡಿದ್ದೇನೆ. ಅಲ್ಲಿ ಜನ ಮಾತು ಕಳೆದುಕೊಂಡು ನಿಂತಿರುತ್ತಾರೆ. ಬಂಪರಿನಲ್ಲಿ ಬೊಗಸೆಯಷ್ಟು ಗುಳಿ ಬಿದ್ದಾಗ ಮಾತ್ರ ಮಾತಿಗೆ ಬರವಿರುವುದಿಲ್ಲ. ಅಜ್ಜ ಅಜ್ಜಿಯರೂ ಲಿಫ್ಟಿನಲ್ಲಿ ಇಳಿದು ಬಂದು ಅಭಿಪ್ರಾಯ ಕೊಡುತ್ತಾರೆ.

ಒಂದು ಪ್ರಕರಣ ಹೇಳುತ್ತೇನೆ. ಊರು ಬೆಂಗಳೂರೇ, ಬಡಾವಣೆಯ ಹೆಸರು ಬೇಡ. ಒಂದು ಶನಿವಾರ ಬೆಳಿಗ್ಗೆ ಬಿಳಿ ಬಣ್ಣದ ಸಣ್ಣ ಕಾರನ್ನು ಆ ಮನೆಯ ಡ್ರೈವರ್ ಹಿಂದಕ್ಕೆ ತೆಗೆಯುತ್ತಿದ್ದ. ಅವನ ಒಂದು ಪಕ್ಕದಲ್ಲಿ ಕಂಬ, ಇನ್ನೊಂದು ಪಕ್ಕದಲ್ಲಿ ಇನ್ನೋವಾ. ಹಿಂದೆ ನಿಂತು ಸೆಕ್ಯೂರಿಟಿ ಹುಡುಗ ಕೈ ಬೀಸುತ್ತಿದ್ದ. ಎರಡು ಸಾಲುಗಳ ನಡುವೆ ಓಡಾಡಲು ಬಿಟ್ಟ ದಾರಿಯಿರುತ್ತದಲ್ಲ, ಅದನ್ನು ನಡುದಾರಿ ಎನ್ನೋಣ, ಅಲ್ಲಿ ಒಂದು ಕೆಂಪು ಕಾರು ಬಂತು. ಓಡಿಸುತ್ತಿದ್ದವರು ನಿವೃತ್ತ ಅಧಿಕಾರಿ. ನೆಲದ ಮೇಲೆ ಬಿಡಿಸಿದ್ದ ಬಾಣ ಒಂದು ದಿಕ್ಕಿಗಿತ್ತು, ಅವರು ಅದಕ್ಕೆ ಎದುರಾಗಿ ಬರುತ್ತಿದ್ದರು. ಬಿಳಿ ಕಾರಿನ ಹಿಂದಿನ ಮೂಲೆ ಕೆಂಪು ಕಾರಿನ ಬಾಗಿಲಿಗೆ ತಗುಲಿತು.

ಹತ್ತು ನಿಮಿಷದಲ್ಲಿ ತೀರ್ಪು ಬಂದೇಬಿಟ್ಟಿತು: ಡ್ರೈವರ್‌ನದೇ ತಪ್ಪು. ಅವನ ಯಜಮಾನರು ಅಲ್ಲೇ ಎಲ್ಲರೆದುರು ಅವನ ಸಂಬಳದಿಂದ 3,000 ರೂಪಾಯಿ ಮುರಿದುಕೊಳ್ಳುವುದಾಗಿ ಹೇಳಿದರು. ತೀರ್ಪು ಬಂದ ಬಗೆಯನ್ನು ಗಮನಿಸಿ. ಅಧಿಕಾರಿಗಳು ಇಂಗ್ಲಿಷಿನಲ್ಲಿ ಮಾತನಾಡಿದರು, ಡ್ರೈವರ್ ತಲೆ ತಗ್ಗಿಸಿ ನಿಂತ. ಕಾರುಗಳನ್ನು ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ನೀರು ಬೇಸ್‌ಮೆಂಟಿನ ಇಳಿಜಾರಿನಲ್ಲಿ ಹರಿಯುವ ಹಾಗೆಯೇ ತಪ್ಪೂ ಹರಿಯುತ್ತದೆ. ಎಲ್ಲಕ್ಕಿಂತ ಕೆಳಗೆ ಯಾರು ನಿಂತಿರುತ್ತಾರೋ ಅವರ ಕಾಲಬುಡದಲ್ಲಿ ಹೋಗಿ ನಿಲ್ಲುತ್ತದೆ.

ಎರಡು ದಿನದ ಮೇಲೆ ಆ ಸಂಘದ ಕಾರ್ಯದರ್ಶಿ ನನ್ನನ್ನು ಕರೆದರು. ಕ್ಲೇಮಿನ ಕೆಲಸವಲ್ಲ, ಪರಿಚಯದ ಮೇಲೆ. ಅಲ್ಲಿ ನಾನು ಕಂಡದ್ದನ್ನು ಹೇಳುವ ಮೊದಲು ಒಂದು ಪ್ರಶ್ನೆಗೆ ಉತ್ತರಿಸಬೇಕು. ಇದನ್ನೆಲ್ಲ ನಾವೇಕೆ ತಲೆಗೆ ಹಚ್ಚಿಕೊಳ್ಳಬೇಕು, ಪೊಲೀಸರಿದ್ದಾರೆ, ಕೋರ್ಟಿದೆ, ವಿಮಾ ಕಂಪನಿಯಿದೆ ಎಂದು ನೀವು ಕೇಳಬಹುದು.

ಇದ್ದಾರೆ, ಆದರೆ ಯಾರೂ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಜೀವ ಮತ್ತು ಕೈಕಾಲುಗಳ ಲೆಕ್ಕಕ್ಕಾಗಿ ಹುಟ್ಟಿದ್ದು. ಅಪಘಾತ ಪರಿಹಾರ ನ್ಯಾಯಮಂಡಳಿ ಆಸ್ತಿ ನಷ್ಟದ ಅರ್ಜಿಯನ್ನೂ ಕೇಳಬಹುದು, ನಿಜ. ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಬೇರೆಯವರ ಆಸ್ತಿಗೆ ಆದ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆಯೂ ಇರುತ್ತದೆ. ಆದರೆ 5,000 ರೂಪಾಯಿಯ ಬಂಪರಿಗಾಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವವರು ಯಾರು? ಇನ್ನು ಕಾಯ್ದೆ ಮಾತನಾಡುವುದು ‘ಸಾರ್ವಜನಿಕ ಸ್ಥಳ’ದ ಬಗ್ಗೆ. ನಮ್ಮ ಬೇಸ್‌ಮೆಂಟ್ ಸಾರ್ವಜನಿಕ ಸ್ಥಳವೇ? ಜಾಗ ಖಾಸಗಿಯಾಗಿದ್ದರೂ ಜನರಿಗೆ ಪ್ರವೇಶವಿದ್ದರೆ ಅದು ಸಾರ್ವಜನಿಕ ಸ್ಥಳವೇ ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 1988ರಲ್ಲಿ ಹೇಳಿತ್ತು. ಮಾಲ್‌ನ ಪಾರ್ಕಿಂಗಿಗೆ ಅದು ಸಲೀಸಾಗಿ ಹೊಂದುತ್ತದೆ. ಗೇಟಿನಲ್ಲಿ ಹೆಸರು, ಫೋನ್ ನಂಬರು ಬರೆಸಿಕೊಂಡು ಒಳಗೆ ಬಿಡುವ ಜಾಗಕ್ಕೆ ಬಂದರೆ ವಕೀಲರಿಗೆ ಒಳ್ಳೆಯ ಹಬ್ಬ.

ವಿಮಾ ಕಂಪನಿಗೂ ಸಣ್ಣ ಕ್ಲೇಮಿನಲ್ಲಿ ತಪ್ಪು ಯಾರದೆಂಬುದು ಅಷ್ಟೇನೂ ಬೇಕಾಗಿಲ್ಲ. ಸಮಗ್ರ ವಿಮೆಯಿದ್ದರೆ ತನ್ನ ಗ್ರಾಹಕನ ಕಾರನ್ನು ತಾನು ರಿಪೇರಿ ಮಾಡಿಸಿ ಸುಮ್ಮನಾಗುತ್ತದೆ. ನಷ್ಟ 50,000 ರೂಪಾಯಿಗಿಂತ ಕಡಿಮೆಯಿದ್ದರೆ ನಮ್ಮಂಥ ಸರ್ವೇಯರ್ ಬರಲೇಬೇಕೆಂಬ ಕಡ್ಡಾಯವೂ ಇಲ್ಲ, ಮೊಬೈಲಿನಲ್ಲಿ ತೆಗೆದ ನಾಲ್ಕು ಫೋಟೋ ಸಾಕಾಗುತ್ತದೆ. ಹಾಗಾಗಿ ಬೇಸ್‌ಮೆಂಟಿನಲ್ಲಿ ನ್ಯಾಯಾಧೀಶರೂ ನೀವೇ, ಸಾಕ್ಷಿಗಳೂ ನೀವೇ. ಕಟಕಟೆಯಲ್ಲಿ ನಿಲ್ಲುವವರೂ ನೀವೇ ಆಗಿದ್ದರೆ ಚೆನ್ನಾಗಿತ್ತು, ಅಲ್ಲಿಗೆ ಮಾತ್ರ ಡ್ರೈವರ್‌ನನ್ನು ಕಳಿಸುತ್ತೀರಿ.

ರಸ್ತೆಯಿಂದ ನಾವು ಕೆಲವು ಸಿದ್ಧ ಸೂತ್ರಗಳನ್ನು ಬೇಸ್‌ಮೆಂಟಿಗೂ ಹೊತ್ತು ತಂದಿದ್ದೇವೆ. ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಎಂಬುದು ರಸ್ತೆಯಲ್ಲಿ ಬಹುಮಟ್ಟಿಗೆ ಸರಿ. ಎಲ್ಲರೂ ಒಂದೇ ದಿಕ್ಕಿಗೆ ಹೋಗುವಾಗ ಮುಂದಿನವನಿಂದ ಅಂತರ ಕಾಯುವುದು ಹಿಂದಿನವನ ಹೊಣೆ. ಆದರೆ ಪಾರ್ಕಿಂಗಿನಲ್ಲಿ ಹಿಂದೆ ಯಾವುದು, ಮುಂದೆ ಯಾವುದು? ಕಾರಿನ ಬೆನ್ನೇ ಮುಂದಾಗಿ ಬರುತ್ತಿರುತ್ತದೆ. ಇನ್ನೊಂದು ಸೂತ್ರ ‘ದೊಡ್ಡ ಗಾಡಿಯದೇ ತಪ್ಪು’. ಸೈಕಲ್ಲಿಗೂ ಸ್ಕೂಟರಿಗೂ ತಾಗಿದರೆ ಸ್ಕೂಟರಿನದು, ಸ್ಕೂಟರಿಗೂ ಕಾರಿಗೂ ತಾಗಿದರೆ ಕಾರಿನದು. ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ, ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ. ಅದಕ್ಕೇ ಜನರಿಗೆ ಬಟ್ಟೆಯ ಮೇಲೆ ಕನಿಕರ. ಯಾವುದು ಯಾವುದರ ಮೇಲೆ ಬಿತ್ತು ಎಂಬುದನ್ನು ಹರಿದ ಬಟ್ಟೆ ಹೇಳುವುದಿಲ್ಲ. ಯಾರ ಕಾರಿಗೆ ಹೆಚ್ಚು ಪೆಟ್ಟಾಗಿದೆಯೋ ಅವರು ನಿರಪರಾಧಿ ಎಂದು ಹೇಳಲಾಗದು.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಮೂರನೆಯ ಸೂತ್ರ: ‘ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ, ಇಬ್ಬರೂ ಅರ್ಧರ್ಧ ಹಾಕಿಕೊಳ್ಳಿ.’ ರಾಜಿ ಪಂಚಾಯಿತಿಯ ಹಿರಿಯರು ಇದನ್ನು ಹೇಳಿ ಕಾಫಿಗೆ ಹೊರಟುಬಿಡುತ್ತಾರೆ. ತನ್ನ ಗೆರೆಯೊಳಗೆ, ಎಂಜಿನ್ ಆರಿಸಿ, ಬೀಗ ಹಾಕಿ ನಿಲ್ಲಿಸಿದ ಕಾರಿಗೆ ಯಾರೋ ಬಂದು ಗುದ್ದಿದರೆ ಅದು ಯಾವ ಕೈಯಿಂದ ಚಪ್ಪಾಳೆ ತಟ್ಟಿತು? ಪಾಲು ಹಾಕುವುದಕ್ಕೆ ನನ್ನ ವಿರೋಧವಿಲ್ಲ, ಪಾಲಿಗೊಂದು ಕಾರಣ ಬೇಕು. ನೋಡದೆ ಅರ್ಧ ಮಾಡುವುದು ಸೋಮಾರಿಯ ನ್ಯಾಯ.

ಹಾಗಾದರೆ ನೋಡುವುದು ಏನನ್ನು? ಜನರನ್ನು ಬಿಟ್ಟು ತಗಡನ್ನು ನೋಡಿ. “ನಾನು ನಿಂತೇ ಇದ್ದೆ” ಎಂದು ಇಬ್ಬರೂ ಹೇಳುತ್ತಾರೆ. ಮೂವತ್ತೊಂದು ವರ್ಷದಲ್ಲಿ “ನಾನು ಚಲಿಸುತ್ತಿದ್ದೆ” ಎಂದವರನ್ನು ನಾನು ಕಂಡಿಲ್ಲ. ನಿಂತಿದ್ದ ಎರಡು ಕಾರುಗಳು ತಾವಾಗಿಯೇ ಒಂದಕ್ಕೊಂದು ಗುದ್ದಿಕೊಂಡವು ಎಂಬುದು ನನ್ನ ಕಡತಗಳ ಸಾರಾಂಶ.

ಗೀರನ್ನು ನೋಡುವುದು ಒಂದು ವಿದ್ಯೆ. ಗೀರು ಶುರುವಾದ ಕಡೆ ಹರಿತವಾಗಿರುತ್ತದೆ, ಮುಗಿಯುವ ಕಡೆಗೆ ಬಣ್ಣದ ಸಿಪ್ಪೆ ಸಣ್ಣಗೆ ಗುಡ್ಡೆಯಾಗಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ. ಉದ್ದನೆಯ ಗೀರು ಕಂಡ ಕೂಡಲೇ “ನೋಡಿ, ಇವರು ಉಜ್ಜಿಕೊಂಡು ಹೋಗಿದ್ದಾರೆ” ಎನ್ನಬೇಡಿ. ಎರಡರಲ್ಲಿ ಒಂದು ಚಲಿಸುತ್ತಿತ್ತು ಎಂಬುದಷ್ಟೇ ಅದರಿಂದ ಗೊತ್ತಾಗುವುದು. ಗೋಡೆ ನಿಂತಿದ್ದರೂ ಕಾರಿನ ಮೈಮೇಲೆ ಉದ್ದ ಗೀರು ಬೀಳುತ್ತದೆ. ಯಾವುದು ಚಲಿಸುತ್ತಿತ್ತು ಎಂದು ತಿಳಿಯಲು ಚಕ್ರವನ್ನು ನೋಡಬೇಕು. ವೀಲ್ ಕ್ಯಾಪಿನ ಮೇಲೆ, ಟೈರಿನ ಪಕ್ಕೆಯ ಮೇಲೆ ಬಿದ್ದ ಗುರುತು ನೇರವಾಗಿದ್ದರೆ ಚಕ್ರ ನಿಂತಿತ್ತು. ಬಳೆಯ ತುಂಡಿನಂತೆ ಬಾಗಿದ್ದರೆ ಚಕ್ರ ತಿರುಗುತ್ತಿತ್ತು. ಇದನ್ನು ನನಗೆ ಕಲಿಸಿದವರು ಓದಿದ ಎಂಜಿನಿಯರ್ ಅಲ್ಲ, ಲಾಲ್‌ಬಾಗ್ ರಸ್ತೆಯ ಆಸುಪಾಸಿನಲ್ಲಿ ಟಿಂಕರಿಂಗ್ ಮಾಡುತ್ತಿದ್ದ ಒಬ್ಬ ಮುದುಕರು. ಬೀಡಿ ಸೇದುತ್ತಾ ಡೆಂಟನ್ನು ಒಮ್ಮೆ ನೋಡಿ “ಇದು ಕಂಬ, ಇದು ಕಾರು, ಇದು ಹಸು” ಎಂದು ಹೇಳುತ್ತಿದ್ದರು. ಹಸುವಿನ ವಿಷಯದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಇನ್ನೊಂದು, ಪೆಟ್ಟು ಬಿದ್ದ ಜಾಗ. ನಡುದಾರಿಯಲ್ಲಿ ಹೋಗುತ್ತಿದ್ದ ಕಾರಿನ ಮೂತಿ ಜಖಂ ಆಗಿ, ಹಿಂದಕ್ಕೆ ಬಂದ ಕಾರಿನ ಪಕ್ಕೆಗೆ ಪೆಟ್ಟಾಗಿದ್ದರೆ, ಹಿಂದಕ್ಕೆ ಬಂದದ್ದು ಆಗಲೇ ದಾರಿಯಲ್ಲಿತ್ತು, ಹೋಗುತ್ತಿದ್ದವರು ಬಂದು ಗುದ್ದಿದರು ಎನ್ನಬಹುದು. ಅದರ ಬದಲು ಹಿಂದಕ್ಕೆ ಬಂದ ಕಾರಿನ ಮೂಲೆಯೇ ಹೋಗುತ್ತಿದ್ದ ಕಾರಿನ ಬಾಗಿಲನ್ನು ಒತ್ತಿದ್ದರೆ, ಹೋಗುತ್ತಿದ್ದ ಕಾರಿನ ಅರ್ಧ ಭಾಗ ಆಗಲೇ ಇವನ ಬೆನ್ನ ಹಿಂದೆ ಹಾದುಹೋಗಿತ್ತು. ಅದನ್ನು ನೋಡದೆ ಇವನು ಹಿಂದಕ್ಕೆ ಬಂದಿದ್ದಾನೆ.

ಈಗ ನಮ್ಮ ಶನಿವಾರಕ್ಕೆ ಬನ್ನಿ. ಕೆಂಪು ಕಾರಿನ ಮುಂದಿನ ಬಾಗಿಲಲ್ಲಿ ಗುಳಿ, ಅಲ್ಲಿಂದ ಹಿಂದಿನ ಬಾಗಿಲವರೆಗೆ ಗೀರು, ಹಿಂದಿನ ವೀಲ್ ಕ್ಯಾಪಿನ ಮೇಲೆ ಬಳೆಯಾಕಾರದ ಮೂರು ಗುರುತು. ಅಧಿಕಾರಿಗಳು “ನಾನು ನಿಲ್ಲಿಸಿ ಹಾರ್ನ್ ಹೊಡೆದೆ” ಎಂದಿದ್ದರು. ಹಾರ್ನ್ ಹೊಡೆದಿರಬಹುದು, ನಿಲ್ಲಿಸಿರಲಿಲ್ಲ. ಆದರೆ ಅದೇ ಗುರುತುಗಳು ಡ್ರೈವರ್‌ನ ವಿರುದ್ಧವೂ ಮಾತನಾಡುತ್ತಿದ್ದವು. ಅವನ ಮೂಲೆ ಕೆಂಪು ಕಾರಿನ ಹೊಟ್ಟೆಗೆ ಹೋಗಿತ್ತು.

ಹಿಂದಕ್ಕೆ ಬರುವವರ ಹೊಣೆ ಯಾಕೆ ದೊಡ್ಡದು? ವಾಹನವನ್ನು ಹಿಂದಕ್ಕೆ ಚಲಾಯಿಸುವವನು ಯಾರಿಗೂ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂದು ಚಾಲನಾ ನಿಯಮಗಳೂ ಹೇಳುತ್ತವೆ. ಕಾರಣ ಸರಳ. ನಡುದಾರಿಯಲ್ಲಿರುವವನು ದಾರಿಯಲ್ಲಿದ್ದಾನೆ, ಇವನು ದಾರಿಗೆ ಹೊಸದಾಗಿ ಬರುತ್ತಿದ್ದಾನೆ. ಆದರೆ ಬರುವವನ ಕಷ್ಟವನ್ನೂ ನೋಡಿ. ಡ್ರೈವರ್‌ನ ಕಣ್ಣಿನಿಂದ ಕಾರಿನ ಹಿಂಬದಿಗೆ ಎರಡು ಮೀಟರಿಗೂ ಹೆಚ್ಚು ದೂರ. ಪಕ್ಕದಲ್ಲಿ ಇನ್ನೋವಾ ನಿಂತಿದ್ದರೆ ಅರ್ಧ ಕಾರು ದಾರಿಗೆ ಬರುವವರೆಗೆ ಅವನಿಗೆ ದಾರಿಯೇ ಕಾಣುವುದಿಲ್ಲ. ಹೊಸ ಕಾರುಗಳಿಗೆಲ್ಲ ಹಿಂಬದಿ ಸೆನ್ಸರ್ 2019ರ ಜುಲೈಯಿಂದ ಕಡ್ಡಾಯವಾಗಿದೆ, ಆದರೆ ಅದು ನೋಡುವುದು ಬೆನ್ನ ಹಿಂದಿನದನ್ನು. ಪಕ್ಕದಿಂದ ಓಡಿಬರುವ ಕಾರು ಅದರ ಎದುರಿಗೆ ಬರುವಷ್ಟರಲ್ಲಿ ಕೂಗಿಯೂ ಪ್ರಯೋಜನವಿಲ್ಲ.

ಇಲ್ಲೊಂದು ಪಕ್ಕದಾರಿ ಹಿಡಿಯುತ್ತೇನೆ. ಮಾರುತಿ 800 ಬಂದದ್ದು 1983ರಲ್ಲಿ, ಅದರ ಅಗಲ ಒಂದೂವರೆ ಮೀಟರಿಗಿಂತ ಕಡಿಮೆ. ಇನ್ನೋವಾ ಕ್ರಿಸ್ಟಾದ ಅಗಲ 1.83 ಮೀಟರ್, ಕನ್ನಡಿಗಳನ್ನು ಬಿಟ್ಟು. ನಲವತ್ತು ವರ್ಷದಲ್ಲಿ ಕಾರು ಮೈ ತುಂಬಿಕೊಂಡಿದೆ. ಕಂಬಗಳು ಎಲ್ಲಿದ್ದವೋ ಅಲ್ಲೇ ಇವೆ. ಮಾರುತಿಯ ಕಾಲದಲ್ಲಿ ಎದ್ದ ಕಟ್ಟಡದ ಕಂಬಕ್ಕೆ ಇವತ್ತು ಎಷ್ಟು ಬಣ್ಣ ಅಂಟಿಕೊಂಡಿದೆ ನೋಡಿ, ಬೆಳ್ಳಿ, ಬಿಳಿ, ಮಾಸಲು ಕೆಂಪು, ಒಂದರ ಮೇಲೊಂದು. ಬಿಲ್ಡರ್ ಅಂಗುಲ ಅಂಗುಲ ಉಳಿಸಿದ ಪಾಪಕ್ಕೆ ಡ್ರೈವರ್ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿರುತ್ತಾನೆ.

ಇನ್ನು ನಡುದಾರಿಯಲ್ಲಿ ಬರುವವರ ವೇಗ. ಗಂಟೆಗೆ 20 ಕಿಲೋಮೀಟರ್ ಎಂದರೆ ನಮಗೆ ತೆವಳಿದ ಹಾಗನಿಸುತ್ತದೆ. ಅದು ಸೆಕೆಂಡಿಗೆ ಐದೂವರೆ ಮೀಟರ್. ಹಿಂದಕ್ಕೆ ಬರುವ ಕಾರಿನ ಬಿಳಿ ದೀಪ ಕಂಡು, ಮಿದುಳಿಗೆ ಮುಟ್ಟಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಸಲೀಸಾಗಿ ಕಳೆಯುತ್ತದೆ. ಅಷ್ಟರಲ್ಲಿ ಒಂದು ಇಡೀ ಕಾರಿನ ಉದ್ದವನ್ನು ದಾಟಿ ಮುಂದೆ ಹೋಗಿರುತ್ತೀರಿ, ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. 10ರಲ್ಲಿದ್ದರೆ ಅದರ ಅರ್ಧ. ಕೆಂಪು ಕಾರಿನ ಗೀರು ಮುಂದಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಹರಡಿತ್ತಲ್ಲ, ತಾಗಿದ ಮೇಲೂ ಅದು ಅಷ್ಟು ದೂರ ಹೋಗಿತ್ತು ಎಂದಾಯಿತು. ತೆವಳುತ್ತಿದ್ದ ಕಾರಿನ ಲಕ್ಷಣವಲ್ಲ ಅದು.

ಬಾಣದ ವಿಷಯಕ್ಕೆ ಬಂದಾಗ ಅಧಿಕಾರಿಗಳು ನನ್ನನ್ನು ಕೆಣಕಿದರು. “ಆ ಬಾಣ ಬಿಡಿಸಿದವರು ಯಾರು, ಸರ್ಕಾರವೇ? ನಿಮ್ಮ ಪೇಂಟರ್ ಬಿಡಿಸಿದ್ದನ್ನು ನಾನೇಕೆ ಪಾಲಿಸಬೇಕು?” ಪ್ರಶ್ನೆ ಚೆನ್ನಾಗಿದೆ. ಬಾಣಕ್ಕೆ ಎದುರಾಗಿ ಬಂದದ್ದಕ್ಕೆ ಯಾವ ಪೊಲೀಸರೂ ದಂಡ ಹಾಕುವುದಿಲ್ಲ. ಆದರೆ ಬಾಣ ಒಂದು ನಂಬಿಕೆಯನ್ನು ಹುಟ್ಟಿಸುತ್ತದೆ. ಹಿಂದಕ್ಕೆ ತೆಗೆಯುವವನು ಮೊದಲು ಬಾಣ ಹೇಳುವ ಕಡೆಯಿಂದ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಾನೆ. ಎದುರು ದಿಕ್ಕಿನಿಂದ ಬಂದವರು ಅವನ ಲೆಕ್ಕವನ್ನು ತಪ್ಪಿಸಿದರು. ಹಾಗೆಂದು ನಿಯಮ ಮುರಿದವರದೇ ಸಂಪೂರ್ಣ ತಪ್ಪು ಎಂದೂ ಆಗುವುದಿಲ್ಲ. ಮುರಿದ ನಿಯಮಕ್ಕೂ ಬಿದ್ದ ಪೆಟ್ಟಿಗೂ ಸಂಬಂಧವಿರಬೇಕು. ಹೊಗೆ ತಪಾಸಣೆಯ ಚೀಟಿಯ ಅವಧಿ ಮುಗಿದಿತ್ತು ಎಂದು ಹೇಳಿ ನಿಂತಿದ್ದ ಕಾರಿನವರ ತಪ್ಪು ಹುಡುಕಿದವರನ್ನು ನಾನು ನೋಡಿದ್ದೇನೆ. ಬಂಪರನ್ನು ಒಡೆದದ್ದು ಹೊಗೆಯೇ?

ಇದಕ್ಕೆ ಒಂದು ಕತ್ತೆಯ ಕಥೆಯಿದೆ, ಕಾನೂನು ಓದಿದವರಿಗೆ ಗೊತ್ತಿರುತ್ತದೆ. 1842ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದದ್ದು, ಡೇವೀಸ್ ಮತ್ತು ಮ್ಯಾನ್ ನಡುವಿನ ಮೊಕದ್ದಮೆ. ಡೇವೀಸ್ ತನ್ನ ಕತ್ತೆಯ ಮುಂಗಾಲುಗಳಿಗೆ ಕಟ್ಟು ಹಾಕಿ ಸಾರ್ವಜನಿಕ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ. ಮ್ಯಾನ್‌ನ ಬಂಡಿ, ಮೂರು ಕುದುರೆಗಳದ್ದು, ಇಳಿಜಾರಿನಲ್ಲಿ ಜೋರಾಗಿ ಬಂದು ಕತ್ತೆಯ ಮೇಲೆ ಹರಿಯಿತು. ಕತ್ತೆ ಸತ್ತಿತು. ರಸ್ತೆಯಲ್ಲಿ ಕಾಲು ಕಟ್ಟಿ ಬಿಡುವುದು ಕತ್ತೆಯವನ ತಪ್ಪಲ್ಲವೇ ಎಂದು ಬಂಡಿಯವನ ವಾದ. ತಪ್ಪಾಗಿದ್ದರೂ ಇರಲಿ, ಕತ್ತೆ ಕಣ್ಣಿಗೆ ಕಾಣುತ್ತಿತ್ತು, ಅನಾಹುತವಾಗದಂಥ ವೇಗದಲ್ಲಿ ಬರುವುದು ನಿನ್ನ ಹೊಣೆಯಾಗಿತ್ತು ಎಂದಿತು ನ್ಯಾಯಾಲಯ. ಕತ್ತೆಯವನು ಗೆದ್ದ. ತಪ್ಪಿಸುವ ಕೊನೆಯ ಅವಕಾಶ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಅದಕ್ಕೂ ಮುಂಚೆ, 1809ರಲ್ಲಿ, ಇದಕ್ಕೆ ತದ್ವಿರುದ್ಧವಾದ ತೀರ್ಪು ಬಂದಿತ್ತು. ಡರ್ಬಿ ಪಟ್ಟಣದಲ್ಲಿ ಒಬ್ಬ ಮನೆ ರಿಪೇರಿಗಾಗಿ ರಸ್ತೆಗೆ ಅಡ್ಡ ಒಂದು ಗಳ ಇಟ್ಟಿದ್ದ. ಮುಸ್ಸಂಜೆಯಲ್ಲಿ ಹೆಂಡದಂಗಡಿಯಿಂದ ಹೊರಟ ಸವಾರನೊಬ್ಬ ಕುದುರೆಯನ್ನು ದೌಡಾಯಿಸಿ ಬಂದು ಎಡವಿ ಬಿದ್ದ. ಅವನು ಎಚ್ಚರವಾಗಿದ್ದರೆ ಗಳ ಕಾಣುತ್ತಿತ್ತು ಎಂಬ ಕಾರಣಕ್ಕೆ ಅವನಿಗೆ ಒಂದು ಕಾಸೂ ಸಿಗಲಿಲ್ಲ. ಇಟ್ಟವನ ತಪ್ಪು ಲೆಕ್ಕಕ್ಕೇ ಬರಲಿಲ್ಲ. ಪೂರ್ತಿ ನಿನ್ನದು ಅಥವಾ ಪೂರ್ತಿ ಅವನದು, ನಡುವಿನ ದಾರಿಯಿಲ್ಲ. ಶೇಕಡಾವಾರು ಪಾಲು ಹಾಕುವ ಕಾಯ್ದೆ ಇಂಗ್ಲೆಂಡಿನಲ್ಲಿ ಬಂದದ್ದು 1945ರಲ್ಲಿ. ನಮ್ಮ ನ್ಯಾಯಮಂಡಳಿಗಳೂ ಇವತ್ತು ಪಾಲು ಹಾಕುತ್ತವೆ, ನೀನು ಇಷ್ಟು, ಅವನು ಇಷ್ಟು ಎಂದು.

ನಮ್ಮ ಬೇಸ್‌ಮೆಂಟಿನಲ್ಲಿ ಕತ್ತೆ ಯಾವುದು? ಗೆರೆಯಿಂದ ಒಂದಡಿ ಹೊರಗೆ ಬಾಲ ಚಾಚಿ ನಿಲ್ಲಿಸಿದ ಕಾರು. “ಅವರು ಗೆರೆ ದಾಟಿ ನಿಲ್ಲಿಸಿದ್ದರು, ಅದಕ್ಕೇ ತಾಗಿತು” ಎನ್ನುತ್ತಾರೆ. ದಿನವೂ ಅಲ್ಲೇ ನಿಲ್ಲುವ ಕಾರು, ದೀಪದ ಬೆಳಕಿನಲ್ಲಿ ಕಾಣುವ ಕಾರು. ಕಂಡ ಕತ್ತೆಯ ಮೇಲೆ ಬಂಡಿ ಹರಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ತಿರುವಿನ ಹಿಂದೆ, ದೀಪ ಕೆಟ್ಟ ಮೂಲೆಯಲ್ಲಿ, ಯಾರೂ ನಿರೀಕ್ಷಿಸದ ಕಡೆ ಬಾಲ ಚಾಚಿದ್ದರೆ ಆಗ ನಿಲ್ಲಿಸಿದವರಿಗೂ ಪಾಲಿದೆ. ಇಬ್ಬರೂ ಎದುರುಬದುರು ಸಾಲಿನಿಂದ ಒಟ್ಟಿಗೇ ಹಿಂದಕ್ಕೆ ಬಂದು ಬೆನ್ನಿಗೆ ಬೆನ್ನು ತಗುಲಿಸಿಕೊಂಡರೆ? ಅಲ್ಲಿ ಮಾತ್ರ ಚಪ್ಪಾಳೆಯ ಗಾದೆ ಸರಿ.

ಸೆಕ್ಯೂರಿಟಿ ಹುಡುಗನ ಕಥೆ ಏನು? ಅವನನ್ನು ಕೇಳಿದೆ. ಊರು ಬಿಟ್ಟು ಬಂದು ಎರಡು ತಿಂಗಳಾಗಿತ್ತು. ಕಾರು ಓಡಿಸಲು ಬರುವುದಿಲ್ಲ. ಬಂಪರಿಗೂ ಕಂಬಕ್ಕೂ ನಡುವಿನ ಅಂತರವನ್ನು ನೋಡುತ್ತಿದ್ದೆ, ಪಕ್ಕದಿಂದ ಬಂದ ಕಾರನ್ನು ನೋಡಲಿಲ್ಲ ಎಂದ. ಸತ್ಯ ಹೇಳಿದವನು ಅವನೊಬ್ಬನೇ. ಕೈ ಬೀಸುವವನು ಇದ್ದ ಮಾತ್ರಕ್ಕೆ ಸ್ಟಿಯರಿಂಗ್ ಹಿಡಿದವನ ಹೊಣೆ ಇಳಿಯುವುದಿಲ್ಲ. ಬಸ್ಸಿನ ಕಂಡಕ್ಟರ್ “ರೈಟ್” ಎಂದರೂ ಕನ್ನಡಿ ನೋಡುವುದು ಡ್ರೈವರೇ. ನಿಮಗೆ ನೆರವು ಬೇಕಿದ್ದರೆ ಆ ಹುಡುಗರಿಗೆ ಒಂದೇ ಮಾತು ಕಲಿಸಿ: ಕಾರಿನ ಹಿಂದೆ ನಿಲ್ಲಬೇಡ, ನಡುದಾರಿಯಲ್ಲಿ ನಿಂತು ಎರಡೂ ಕಡೆ ನೋಡು, “ಬರಲಿ” ಎನ್ನುವುದಕ್ಕಿಂತ “ನಿಲ್ಲಿಸಿ” ಎನ್ನುವುದನ್ನು ಜೋರಾಗಿ ಹೇಳು.

ನನ್ನ ಲೆಕ್ಕ ಕೇಳಿದರು. ಬಿಳಿ ಕಾರಿಗೆ ಎಪ್ಪತ್ತು, ಕೆಂಪು ಕಾರಿಗೆ ಮೂವತ್ತು ಎಂದೆ. ಇನ್ನೊಬ್ಬ ಸರ್ವೇಯರ್ ಎಂಬತ್ತು ಇಪ್ಪತ್ತು ಎಂದರೂ ನಾನು ಜಗಳವಾಡುವುದಿಲ್ಲ. ಇದು ಅಕ್ಕಸಾಲಿಗನ ತಕ್ಕಡಿಯಲ್ಲ, ಸೊಪ್ಪಿನವಳ ತಕ್ಕಡಿ. ಆದರೆ ಎಪ್ಪತ್ತು ಎಂದದ್ದು ಬಿಳಿ ಕಾರಿಗೆ, ಡ್ರೈವರ್‌ಗಲ್ಲ. ಯಜಮಾನರ ಕೆಲಸದ ಮೇಲೆ ಓಡಿಸುವಾಗ ಆದ ನಷ್ಟಕ್ಕೆ ಹೊರಗಿನವರ ಎದುರು ಯಜಮಾನರೇ ಹೊಣೆ, ಕಾನೂನಿನ ಹಳೆಯ ತತ್ವ ಅದು. ಯಜಮಾನರಿಗೆ ನನ್ನ ಮಾತು ರುಚಿಸಲಿಲ್ಲ. ಅಧಿಕಾರಿಗಳಿಗೆ ಮೂವತ್ತು ರುಚಿಸಲಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ದುಡ್ಡಿನ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅರ್ಧ ಜಗಳ ಇದನ್ನು ತಿಳಿಯದೆ ಆಗುತ್ತದೆ. ಬಂಪರಿಗೆ 5,000, ಬಣ್ಣಕ್ಕೆ 4,000, ಒಟ್ಟು 9,000 ರೂಪಾಯಿ ಬಿಲ್ ಎಂದುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಸವಕಳಿ, ಎಂದರೆ ಭಾಗ ಹಳತಾದದ್ದಕ್ಕೆ ಕಂಪನಿ ಕಳೆಯುವ ಮೊತ್ತ, ಅಲ್ಲಿಗೆ 2,500 ಹೋಯಿತು. ಬಣ್ಣದ ಸಾಮಗ್ರಿಯ ಸವಕಳಿ 500. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ನಾವೇ ಭರಿಸಬೇಕಾದ ಕಡ್ಡಾಯ ಕಡಿತ 1,000. ಕೈಗೆ ಸಿಗುವುದು 5,000. ಇನ್ನೊಂದು ಕಡೆ ನೋಡಿ. ಐದು ವರ್ಷ ಕ್ಲೇಮ್ ಮಾಡದೆ ಶೇ. 50 ನೋ ಕ್ಲೇಮ್ ಬೋನಸ್ ಗಳಿಸಿದ್ದೀರಿ, ನಿಮ್ಮ ಕಾರಿನ ಸ್ವಂತ ಹಾನಿಯ ಪ್ರೀಮಿಯಂ 14,000 ಇದ್ದದ್ದು 7,000 ಆಗಿದೆ. ಈ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಪೂರ್ತಿ 14,000. ಅದರಾಚೆಯ ವರ್ಷ ಶೇ. 20 ಬೋನಸ್ಸಿನಿಂದ ಮತ್ತೆ ಮೆಟ್ಟಿಲು ಹತ್ತಬೇಕು. 5,000 ಪಡೆಯಲು ಮೊದಲ ವರ್ಷವೇ 7,000 ಕೊಟ್ಟಂತಾಯಿತು. ಸವಕಳಿ ರಹಿತ ಪಾಲಿಸಿ, ಬೋನಸ್ ರಕ್ಷಣೆ ತೆಗೆದುಕೊಂಡವರ ಲೆಕ್ಕ ಬೇರೆ. ಉಳಿದವರು ಕ್ಲೇಮ್ ಮಾಡುವ ಮೊದಲು ಒಂದು ಹಾಳೆಯ ಮೇಲೆ ಈ ಕೂಡುಕಳೆ ಮಾಡಿ ನೋಡಿ.

ಇನ್ನೊಂದು ಎಚ್ಚರಿಕೆ. ವಿಮಾ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಗೆ, ಭರವಸೆ, ಪಾವತಿ ಮಾಡಬಾರದೆಂಬ ಷರತ್ತು ಮೋಟಾರು ಪಾಲಿಸಿಗಳಲ್ಲಿ ಇರುತ್ತದೆ. ಹಾಗಾಗಿ ಕ್ಲೇಮಿಗೆ ಹೋಗುವ ಸಾಧ್ಯತೆಯಿದ್ದರೆ ಕಾಗದದ ಮೇಲೆ “ನನ್ನದೇ ತಪ್ಪು” ಎಂದು ಬರೆದುಕೊಡಬೇಡಿ. “ಪೆಟ್ಟಾಯಿತೇ, ನೀರು ಬೇಕೇ” ಎಂದು ಕೇಳುವುದಕ್ಕೆ ಯಾವ ಪಾಲಿಸಿಯೂ ಅಡ್ಡ ಬರುವುದಿಲ್ಲ. ಕಾರುಗಳನ್ನು ಸರಿಸುವ ಮೊದಲು ಫೋಟೋ ತೆಗೆಯಿರಿ. ಹತ್ತಿರದಿಂದ ಗೀರಿನದನ್ನು ಎಲ್ಲರೂ ತೆಗೆಯುತ್ತಾರೆ. ಅದಕ್ಕಿಂತ ಮುಖ್ಯ ಹತ್ತು ಹೆಜ್ಜೆ ದೂರದಿಂದ, ಕಂಬದ ನಂಬರು, ನೆಲದ ಗೆರೆ, ಬಾಣ, ಎರಡೂ ಕಾರಿನ ಚಕ್ರ ತಿರುಗಿದ ಬಗೆ ಕಾಣುವಂಥದ್ದು. ನೆಲಕ್ಕೆ ಉದುರಿದ ದೀಪದ ಚೂರನ್ನು ಗುಡಿಸುವ ಮೊದಲು ಅದರದೂ ಒಂದು. ಕ್ಯಾಮೆರಾದ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಅಂದೇ ತೆಗೆದಿಟ್ಟುಕೊಳ್ಳಿ. ಅದರ ಗಡಿಯಾರವನ್ನು ಮಾತ್ರ ನಂಬಬೇಡಿ. ಮಧ್ಯಾಹ್ನದ ಘಟನೆ ನಸುಕಿನ ಮೂರು ಗಂಟೆಗೆ ಆದಂತೆ ತೋರಿಸಿದ ಕ್ಯಾಮೆರಾಗಳನ್ನು ಕಂಡಿದ್ದೇನೆ.

ಮುಂದಿನ ಸಾಲಿನಲ್ಲಿ ಕುಳಿತ ಅಮ್ಮ ಒಬ್ಬರು ಕೈ ಎತ್ತಿ, “ಮಾಲೀಕರ ಹೊಣೆಯಲ್ಲಿ ನಿಲುಗಡೆ” ಎಂಬ ಫಲಕದ ಬಗ್ಗೆ ಕೇಳುತ್ತಿದ್ದಾರೆ. ನೀವೇ ನಿಲ್ಲಿಸಿ ಕೀಲಿ ನಿಮ್ಮ ಜೇಬಿನಲ್ಲಿದ್ದರೆ ಆ ಫಲಕಕ್ಕೆ ಸ್ವಲ್ಪ ಬೆಲೆಯಿದೆ. ಕೀಲಿಯನ್ನು ಹೋಟೆಲಿನ ಹುಡುಗನ ಕೈಗೆ ಕೊಟ್ಟಿದ್ದರೆ ಕಥೆ ಬೇರೆ. 1998ರಲ್ಲಿ ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ಹಾಗೆ ಕೊಟ್ಟ ಮಾರುತಿ ಜೆನ್ ಕಳವಾಯಿತು. 2019ರಲ್ಲಿ ಸುಪ್ರೀಂ ಕೋರ್ಟು, ಚೀಟಿಯ ಮೇಲೆ ಮಾಲೀಕರ ಹೊಣೆ ಎಂದು ಮುದ್ರಿಸಿದ ಮಾತ್ರಕ್ಕೆ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ನುಣುಚಿಕೊಳ್ಳಲಾಗದು ಎಂದಿತು. ಕಾರು ಒಂದು, ತೀರ್ಪಿಗೆ ಇಪ್ಪತ್ತೊಂದು ವರ್ಷ. ಬೇಸ್‌ಮೆಂಟಿನಲ್ಲೇ ತೀರ್ಮಾನ ಮಾಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಹಿಂದಿನ ಸಾಲಿನಿಂದ ಇನ್ನೊಂದು ಪ್ರಶ್ನೆ ಬಂತು. ನಿಂತ ಕಾರಿಗೆ ನಾವು ತಾಗಿಸಿ, ಯಾರೂ ನೋಡದೇ ಇದ್ದರೆ? ಕೇಳಿದವರು ಮೆಲ್ಲಗೆ ಕೇಳಿದರು, ನಾನೂ ಮೆಲ್ಲಗೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ನಾನಿರುವ ಕಟ್ಟಡದಲ್ಲೇ, ರಾತ್ರಿ ಹನ್ನೊಂದರ ಹೊತ್ತಿಗೆ ಮದುವೆಯೂಟ ಮುಗಿಸಿ ಬಂದವನು ನೆರೆಯವರ ಕಾರಿನ ಮೂಲೆಗೆ ನನ್ನ ಬಂಪರನ್ನು ಉಜ್ಜಿದೆ. ಇಷ್ಟು ವರ್ಷ ಊರಿನವರ ಗೀರುಗಳನ್ನು ಅಳೆದವನು. ಸುತ್ತ ಯಾರೂ ಇರಲಿಲ್ಲ. ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಹೋದೆ, ಬೀಗ ತೆಗೆದೆ, ಮತ್ತೆ ಕೆಳಗೆ ಬಂದೆ. ಮದುವೆಯ ತಾಂಬೂಲದ ಚೀಲದಲ್ಲಿದ್ದ ಕಾಗದದ ಹಿಂಬದಿಯಲ್ಲಿ ಹೆಸರು, ಮನೆ ನಂಬರು ಬರೆದು ವೈಪರಿನ ಅಡಿಗೆ ಸಿಕ್ಕಿಸಿ, ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಕೆಳಗೆ ಗದ್ದಲ. ಕಾರು ಒರೆಸುವ ಹುಡುಗ ಐದೂವರೆಗೇ ಬಂದು ನೀರೆರಚಿದ್ದ, ನನ್ನ ಚೀಟಿ ಶಾಯಿ ಹರಡಿ ಮುದ್ದೆಯಾಗಿ ಚರಂಡಿಯ ಜಾಲರಿಯ ಮೇಲೆ ಬಿದ್ದಿತ್ತು. ನೆರೆಯವರು ಹುಡುಗನನ್ನು ನಿಲ್ಲಿಸಿಕೊಂಡು, ಬಕೆಟ್ಟಿನ ಹಿಡಿ ತಾಗಿಸಿದ್ದೀಯೆ ಎಂದು ವಿಚಾರಿಸುತ್ತಿದ್ದರು. ಅವನು ಇಲ್ಲ ಎನ್ನುತ್ತಿದ್ದ. ಸುತ್ತ ನಾಲ್ಕೈದು ಜನ. ಬಕೆಟ್ಟಿನ ಹಿಡಿಗೆ ನೆಲದಿಂದ ಅಷ್ಟು ಎತ್ತರದಲ್ಲಿ, ಅಷ್ಟು ಅಗಲಕ್ಕೆ ಬಣ್ಣ ಕೀಳಲಾಗದೆಂದು ಕಣ್ಣಿದ್ದ ಯಾರಿಗಾದರೂ ತಿಳಿಯುತ್ತಿತ್ತು. ಬನಿಯನ್ನಿನಲ್ಲೇ ಇಳಿದು ಹೋಗಿ, ಅದು ನಾನು ಮಾಡಿದ್ದು, ರಾತ್ರಿ ಎಂದೆ. ನೆರೆಯವರು ನಕ್ಕು, “ಅಯ್ಯೋ ಬಿಡಿ ಸಾರ್, ನಿಮ್ಮದಾದರೆ ಪರವಾಗಿಲ್ಲ” ಎಂದರು. ಬೇಡವೆಂದರೂ ಬಣ್ಣದ ಬಿಲ್ಲು 3,800 ರೂಪಾಯಿ ಕೊಟ್ಟೆ.

ಹುಡುಗ ಬಕೆಟ್ ಎತ್ತಿಕೊಂಡು ಮುಂದಿನ ಕಾರಿಗೆ ಹೋದ. ಆ ತಿಂಗಳು ಮುಗಿದ ಮೇಲೆ ನನ್ನ ಕಾರನ್ನು ಒರೆಸಲು ಅವನು ಬರಲಿಲ್ಲ. ಕೇಳಿದರೆ, ಸಮಯ ಸಾಲುವುದಿಲ್ಲ ಸಾರ್ ಎಂದ. ಪಕ್ಕದ ಎರಡು ಕಾರುಗಳನ್ನು ಈಗಲೂ ಅವನೇ ಒರೆಸುತ್ತಾನೆ.